ಮಲೆನಾಡಿನ ಮುಚ್ಚಂಜೆಯ ಪ್ರಾರ್ಥನೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲಿ ದೀಪ ಹಚ್ಚುವ ಹೊತ್ತು ಬಹಳ ಗಂಭೀರವಾದದ್ದು. ಜೀರುಂಡೆಗಳ ದನಿ ಏಳುತ್ತದೆ, ಕಾಡು ಒಮ್ಮೆಗೇ ಕಪ್ಪಾಗುತ್ತದೆ. ತುಂಗೆಯ ದಡದಲ್ಲಿ ಸಂಧ್ಯಾವಂದನೆಯ ಅರ್ಘ್ಯ ಬೀಳುವ ಅದೇ ವೇಳೆಗೆ, ಗುಡ್ಡದ ಓರೆಯ ತೋಟದ ಮನೆಯೊಂದರಲ್ಲಿ ಜಪಮಣಿ ಹಿಡಿದ ಕುಟುಂಬವೊಂದು ಮೊಣಕಾಲೂರುತ್ತದೆ. ಮೊದಲನೆಯದನ್ನು ಕುರಿತು ನಮ್ಮಲ್ಲಿ ಬರೆದವರು ಬಹಳ. ಎರಡನೆಯದರ ಚರಿತ್ರೆಯನ್ನು ಕೇಳಿದವರೇ ಕಡಿಮೆ.

ನಾನು ಉಪಾಧ್ಯಾಯನಾಗಿ ಕೊಪ್ಪಕ್ಕೆ ಬಂದ ಹೊಸತರಲ್ಲಿ ನನ್ನ ಬಾಡಿಗೆಮನೆಗೆ ತಾಗಿಕೊಂಡೇ ಮಂಗಳೂರು ಕಡೆಯ ಕ್ರೈಸ್ತ ಕುಟುಂಬವೊಂದಿತ್ತು. ಸಂಜೆ ಏಳಾಯಿತೆಂದರೆ ಗೋಡೆಯಾಚೆ ಒಂದು ದನಿ ಆರಂಭಿಸುವುದು, ನಾಲ್ಕಾರು ದನಿಗಳು ಮುಗಿಸುವುದು. ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದಾರೆಂದು ನಾನು ಕೆಲವು ದಿನ ಸಂತೋಷಪಟ್ಟದ್ದುಂಟು! ವಿಚಾರಿಸಿದಾಗ ಅದು 'ತೇರ್ಸ್' ಎಂದು ತಿಳಿಯಿತು.

ಪದ ಕಂಡಲ್ಲಿ ಅದರ ಬೇರನ್ನು ಕೆದಕುವುದು ಪಂಡಿತರ ಚಾಳಿ. ಕೊಂಕಣಿಯ ಈ ತೇರ್ಸ್ ಪೋರ್ಚುಗೀಸಿನಿಂದ ಬಂದದ್ದು. 'ಮೂರರಲ್ಲೊಂದು ಪಾಲು' ಎಂದರ್ಥ. ಯೂರೋಪಿನ ಮಠಗಳಲ್ಲಿ ಸನ್ಯಾಸಿಗಳು ಬೈಬಲಿನ 150 ಕೀರ್ತನೆಗಳನ್ನು ಪಠಿಸುತ್ತಿದ್ದರು. ಓದುಬಾರದ ಜನ ಅದಕ್ಕೆ ಬದಲಾಗಿ ಮಣಿ ಎಣಿಸಿ ಮರಿಯಮ್ಮನ ಪ್ರಾರ್ಥನೆಯನ್ನು 150 ಸಲ ಹೇಳಿದರು. ಗೃಹಸ್ಥರಿಗೆ ಅಷ್ಟು ಬಿಡುವೆಲ್ಲಿ? ದಿನಕ್ಕೆ ಐವತ್ತು, ಎಂದರೆ ಮೂರರಲ್ಲೊಂದು ಪಾಲು, ರೂಢಿಯಾಯಿತು. 2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಇನ್ನೈದು ಧ್ಯಾನವಿಷಯಗಳನ್ನು ಸೇರಿಸಿದ ಮೇಲೆ ಆ ಲೆಕ್ಕ ಕೆಟ್ಟಿತು, ಹೆಸರು ಮಾತ್ರ ನಿಂತಿತು. ತೇರ್ಸ್ ಮುಗಿದೊಡನೆ ಕಿರಿಯರು ಹಿರಿಯರ ಬಳಿ 'ಬೆಸಾಂವ್' ಬೇಡುವರು. ಅದೂ ಪೋರ್ಚುಗೀಸ್ ಮಾತೇ, ಆಶೀರ್ವಾದವೆಂದರ್ಥ. ಮಾತು ಕಡಲಾಚೆಯದು, ಹಿರಿಯರ ಮುಂದೆ ತಲೆಬಾಗುವ ಪದ್ಧತಿಯೋ, ನಮ್ಮ ಮನೆಗಳದ್ದೇ.

ಈ ಅಭ್ಯಾಸ ಇಷ್ಟು ಗಟ್ಟಿಯಾದದ್ದು ಹೇಗೆ? 1784ರಲ್ಲಿ, ಅವರ ಉಪವಾಸಕಾಲ ಆರಂಭವಾಗುವ ಬೂದಿ ಬುಧವಾರದ ದಿನ, ಟೀಪುಸುಲ್ತಾನನು ಕೆನರಾ ಸೀಮೆಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಿಸಿದನು. ಯುದ್ಧದಲ್ಲಿ ಅವರು ಇಂಗ್ಲಿಷರಿಗೆ ನೆರವಾದರೆಂಬುದು ಆರೋಪ. ಇಗರ್ಜಿಗಳು ನೆಲಕಂಡವು, ಪಾದ್ರಿಗಳು ಗಡೀಪಾರಾದರು. ಘಟ್ಟ ಹತ್ತುವಾಗಲೂ ಸೆರೆಯಲ್ಲಿಯೂ ಅನೇಕರು ಸತ್ತರು. ಅನೇಕರನ್ನು ಬಲವಂತದಿಂದ ಮತಾಂತರಗೊಳಿಸಲಾಯಿತು. 1799ರ ಮೇ 4ರಂದು ಪಟ್ಟಣ ಬಿದ್ದ ಮೇಲೆಯೇ ಉಳಿದವರಿಗೆ ಬಿಡುಗಡೆ. ಆ ಹದಿನೈದು ವರ್ಷ ಅವರನ್ನು ಹಿಡಿದು ನಿಲ್ಲಿಸಿದ್ದು ಏನು? ಬಲಿಪೂಜೆಗೆ ಗುರು ಬೇಕು, ಪೀಠ ಬೇಕು. ತೇರ್ಸಿಗೆ ಇವೆರಡೂ ಬೇಡ. ಮಣಿ ಕಿತ್ತುಕೊಂಡರೆ ಬೆರಳಿನ ಗೆಣ್ಣುಗಳಿವೆ. ತಾಯಿಯ ಬಾಯಿಂದ ಮಗುವಿನ ಕಿವಿಗೆ ಬಿದ್ದ ಈ ನಿತ್ಯವಿಧಿಯೇ ಅವರ ಇಗರ್ಜಿಯಾಗಿದ್ದಿರಬೇಕೆಂಬುದು ನನ್ನ ಊಹೆ. ಮುಂದೆ ಇದೇ ಜನ ಕಾಫಿ, ಏಲಕ್ಕಿಗಳ ಬೆನ್ನುಹತ್ತಿ ಘಟ್ಟವೇರಿ ನಮ್ಮ ಸೀಮೆಗೆ ಬಂದಾಗಲೂ ಪಾದ್ರಿ ದೂರ, ದಾರಿ ಜಿಗಣೆಯದು, ಮಳೆ ನಾಲ್ಕು ತಿಂಗಳು. ಹಳೆಯ ಅಭ್ಯಾಸ ಮತ್ತೆ ಕೈಹಿಡಿಯಿತು.

ಬಾಸೆಲ್ ಮಿಷನ್ನಿನವರ ದಾರಿ ಬೇರೆ. 1834ರ ಅಕ್ಟೋಬರಿನಲ್ಲಿ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿನಲ್ಲಿ ಇಳಿದರು. ಅವರು ಬೆಳೆದ ಜರ್ಮನ್ ಭಕ್ತಿಪರಂಪರೆಯಲ್ಲಿ ಮಣಿಯಿಲ್ಲ, ಪುಸ್ತಕವುಂಟು. ಹೆರ್ನ್‌ಹೂಟ್ ಎಂಬ ಊರಿನಲ್ಲಿ 1728ರಿಂದ ದಿನಕ್ಕೊಂದು ವೇದವಾಕ್ಯವನ್ನು ಮನೆಮನೆಗೆ ಹೇಳುವ ಪದ್ಧತಿ ಹುಟ್ಟಿ, 1731ರಿಂದ ಅದು ವರ್ಷಕ್ಕೊಂದು ಪುಸ್ತಕವಾಗಿ ಅಚ್ಚಾಗುತ್ತ ಬಂದಿದೆ. ಹೀಗೆ ಓದಿಯೇ ಪ್ರಾರ್ಥಿಸುವವರಿಗೆ ಅಕ್ಷರ ಬೇಕು, ಶಾಲೆ ಬೇಕು, ಅಚ್ಚುಕೂಟ ಬೇಕು. ಕನ್ನಡಕ್ಕೆ ಆದ ಲಾಭವನ್ನು ವಿವರಿಸಬೇಕಿಲ್ಲ. 1894ರ ನಿಘಂಟಿನಿಂದ ನಮಗೆ ಚಿರಪರಿಚಿತರಾದ ಕಿಟ್ಟೆಲರು 1862ರಲ್ಲಿಯೇ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಚರಿತೆಯನ್ನು ಕನ್ನಡ ಪದ್ಯಕ್ಕೆ ತಂದಿದ್ದರು. ಜೈಮಿನಿ ಭಾರತ ಓದಿಸಿ ಕೇಳುವ ನಾಡಿನಲ್ಲಿ ಬರಿಯ ಗದ್ಯ ಮನೆಯೊಳಗೆ ಹೋಗದೆಂದು ಅವರು ಕಂಡುಕೊಂಡಿದ್ದರೆಂದು ತೋರುತ್ತದೆ. ಕುವೆಂಪು ಅವರು, ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲೇ ಹುಟ್ಟಿದವರು, 1967ರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಪಾದ್ರಿಯನ್ನೂ ಅವನ ಬೈಸಿಕಲ್ಲನ್ನೂ ತಂದಿದ್ದಾರೆ. ಓದಿದವರು ಬೈಸಿಕಲ್ಲನ್ನು ಮರೆಯುವುದಿಲ್ಲ.

ಹಿಂದೆ ಎಡೇಹಳ್ಳಿ ಎನಿಸಿದ್ದ ನರಸಿಂಹರಾಜಪುರದ ಕಡೆ ಕಾಣುವುದು ಮೂರನೆಯ ಬಗೆ. ಕೇರಳದಿಂದ ಬಂದು ನೆಲಸಿದ ಸುರಿಯಾನಿ ಕ್ರೈಸ್ತರು ಕಾಳುಮೆಣಸು, ರಬ್ಬರುಗಳೊಡನೆ ತಮ್ಮ ಪ್ರಾರ್ಥನೆಯನ್ನೂ ತಂದರು. ಅವರು ಅದನ್ನು ಕರೆಯುವುದೇ 'ಸಂಧ್ಯಾಪ್ರಾರ್ಥನೆ' ಎಂದು! ಸುರಿಯಾನಿ ಸಂಪ್ರದಾಯದಲ್ಲಿ ದಿನ ಆರಂಭವಾಗುವುದೇ ಸಂಜೆಯಿಂದ. ಆದುದರಿಂದ ಆ ಪ್ರಾರ್ಥನೆ ದಿನದ ಕೊನೆಯದಲ್ಲ, ಮೊದಲನೆಯದು. ಅವರಲ್ಲಿ ಸಿರೊಮಲಬಾರ್ ಕೆಥೋಲಿಕರಿಗೆ 2007ರಲ್ಲಿ ಭದ್ರಾವತಿಯಲ್ಲಿ ಪ್ರತ್ಯೇಕ ಧರ್ಮಪ್ರಾಂತವಾಯಿತು.

ಚಿಕ್ಕಮಗಳೂರು ಧರ್ಮಪ್ರಾಂತ ಮೈಸೂರಿನಿಂದ ಬೇರೆಯಾದದ್ದು 1963ರ ನವೆಂಬರ್ 16ರಂದು. ಮೂರು ವಾರ ಕಳೆಯುವುದರೊಳಗೆ, ಡಿಸೆಂಬರ್ 4ರಂದು, ವ್ಯಾಟಿಕನ್ ಮಹಾಸಭೆ ಪೂಜೆಯಲ್ಲಿ ದೇಶಭಾಷೆಗಳನ್ನು ಬಳಸಲು ಅನುಮತಿಯಿತ್ತಿತು. ಪೀಠದ ಮುಂದೆ ಲ್ಯಾಟಿನ್ನಿನ ಜಾಗಕ್ಕೆ ಕನ್ನಡ ಬಂದದ್ದು ಆಮೇಲೆ. ಮನೆಯ ಪ್ರಾರ್ಥನೆ ಮನೆಯ ಮಾತಿನಲ್ಲಿ ಅದಕ್ಕೂ ಬಹಳ ಹಿಂದಿನಿಂದ ನಡೆದೇ ಇತ್ತು.

ಈಗ ದೂರದರ್ಶನವುಂಟು, ಕೈಫೋನುಂಟು, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. 'ದಿನಕ್ಕೆ ಅರ್ಧಗಂಟೆ ಒಂದೆಡೆ ಕೂರಿಸುವುದೇ ಕಷ್ಟ' ಎಂದು ಪಕ್ಕದ ಮನೆಯ ಅಜ್ಜಿ ನನ್ನಲ್ಲಿ ಹೇಳಿದ್ದರು. ನಮ್ಮ ಮನೆಯ ಹುಡುಗರ ಸಂಧ್ಯಾವಂದನೆಯನ್ನು ನೆನೆದು ನಾನು ಸುಮ್ಮನಿದ್ದೆ. ಏಳು ಗಂಟೆಗೆ ಆಕೆ ತಾವೇ ಎದ್ದು ರೇಡಿಯೋ ಆರಿಸುತ್ತಿದ್ದರು. ಮಗ ಬಸ್ಸು ತಪ್ಪಿ ತಡವಾದರೆ ಕಾಯುತ್ತಿರಲಿಲ್ಲ. ಅವನು ಬಂದವನೇ ತೊಟ್ಟಿಕ್ಕುವ ಕೊಡೆಯನ್ನು ಜಗಲಿಗೆ ಒರಗಿಸಿ, ಚಪ್ಪಲಿ ಬಿಟ್ಟು, ಹೊಸ್ತಿಲ ಬಳಿಯೇ ಮೊಣಕಾಲೂರಿ ನಡೆಯುತ್ತಿದ್ದ ಮಣಿಯಿಂದಲೇ ದನಿ ಸೇರಿಸುತ್ತಿದ್ದನು.