ಅಮೆರಿಕದ ವಸಾಹತುಗಳಲ್ಲಿ ವರ್ಣಾಂತರ ವಿವಾಹ: ಕಾರ್ಟರ್ ವುಡ್ಸನ್ನರ ಸಂಶೋಧನೆ

ಬಿಳಿಯರಿಗೂ ಕರಿಯರಿಗೂ ಪರಸ್ಪರ ವಿಮುಖತೆಯು ಸ್ವಭಾವಸಿದ್ಧವೆಂಬ ಮತವು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬಹುಕಾಲ ಪ್ರಬಲವಾಗಿದ್ದಿತು. ಅದನ್ನು ಚರಿತ್ರೆಯ ಒರೆಗೆ ಹಚ್ಚಿದವರಲ್ಲಿ ಕಾರ್ಟರ್ ಜಿ. ವುಡ್ಸನ್ನರು (1875-1950) ಗಣ್ಯರು. ದಾಸ್ಯದಿಂದ ಬಿಡುಗಡೆ ಹೊಂದಿದ ತಂದೆತಾಯಿಗಳಿಗೆ ವರ್ಜೀನಿಯದಲ್ಲಿ ಹುಟ್ಟಿ, ಕಲ್ಲಿದ್ದಲ ಗಣಿಗಳಲ್ಲಿ ದುಡಿದು, ತಡವಾಗಿ ಶಾಲೆಯನ್ನು ಸೇರಿದ ಇವರು 1912ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಡಾಕ್ಟರ್ ಪದವಿಯನ್ನು ಪಡೆದರು. 1915ರಲ್ಲಿ ಕರಿಯರ ಚರಿತ್ರೆಯ ಅಧ್ಯಯನಕ್ಕಾಗಿ ಸಂಘವೊಂದನ್ನು ಸ್ಥಾಪಿಸಿ, ಮರುವರ್ಷ ‘ಜರ್ನಲ್ ಆಫ್ ನೀಗ್ರೋ ಹಿಸ್ಟರಿ’ ಎಂಬ ತ್ರೈಮಾಸಿಕವನ್ನು ಹೊರಡಿಸಿದರು. ಬಿಳಿಯ-ಕರಿಯರ ಸಂಬಂಧಗಳ ಆರಂಭವನ್ನು ಕುರಿತ ಅವರ ಲೇಖನವು 1918ರಲ್ಲಿ ಆ ಪತ್ರಿಕೆಯಲ್ಲಿಯೇ ಪ್ರಕಟವಾಯಿತು.

ವಸಾಹತುಗಳ ಕಾಯಿದೆಗಳು ಈ ಲೇಖನದ ಮುಖ್ಯ ಆಧಾರಗಳಲ್ಲಿ ಒಂದು. ಮೇರಿಲ್ಯಾಂಡಿನ 1664ರ ಕಾಯಿದೆಯಂತೆ, ದಾಸನನ್ನು ವರಿಸಿದ ಸ್ವತಂತ್ರ ಆಂಗ್ಲ ಸ್ತ್ರೀಯು ಗಂಡನು ಬದುಕಿರುವವರೆಗೆ ಅವನ ಒಡೆಯನ ಊಳಿಗವನ್ನು ಮಾಡಬೇಕಾಗಿದ್ದಿತು, ಮಕ್ಕಳು ದಾಸರಾಗುತ್ತಿದ್ದರು. ವಿವಾಹವನ್ನು ತಡೆಯಲೆಂದು ಮಾಡಿದ ಈ ಕಟ್ಟಳೆಯು ವಿಪರೀತ ಫಲವನ್ನು ಕೊಟ್ಟಿತು. ಹೆಂಡತಿಯ ದುಡಿಮೆಯೂ ಮಕ್ಕಳ ಒಡೆತನವೂ ತಮಗೇ ದಕ್ಕುತ್ತಿದ್ದುದರಿಂದ, ಒಡೆಯರೇ ತಮ್ಮ ಊಳಿಗದ ಬಿಳಿಯ ಸ್ತ್ರೀಯರನ್ನು ಇಂಥ ಮದುವೆಗೆ ನೂಕತೊಡಗಿದರು. ಕಡೆಗೆ 1681ರಲ್ಲಿ, ಹಾಗೆ ಮಾಡಿದ ಒಡೆಯರಿಗೇ ದಂಡವನ್ನು ವಿಧಿಸಿ, ಆ ಸ್ತ್ರೀಯೂ ಮಕ್ಕಳೂ ಸ್ವತಂತ್ರರೆಂದು ಶಾಸನಸಭೆಯು ಸಾರಬೇಕಾಯಿತು.

ಆ ಹೊಸ ಕಾಯಿದೆ ಹುಟ್ಟುವುದಕ್ಕೆ ತುಸು ಮುಂಚೆ, ಅದೇ ವರ್ಷ, ‘ಐರಿಷ್ ನೆಲ್’ ಎಂದು ಹೆಸರಾದ ಎಲೆನರ್ ಬಟ್ಲರಳು ಚಾರ್ಲ್ಸ್ ಎಂಬ ದಾಸನನ್ನು ವರಿಸಿದಳು. ಅವಳ ಸಂತತಿಯು ದಾಸ್ಯದಲ್ಲಿಯೇ ಬೆಳೆಯಿತು. ವಂಶಜರಾದ ದಂಪತಿಗಳು ಬಿಡುಗಡೆಗಾಗಿ ಹೂಡಿದ ವ್ಯಾಜ್ಯವು 1770ರಲ್ಲಿ ಗೆದ್ದು, ಮರುವರ್ಷ ಮೇಲಿನ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಅವರ ಮಗಳಾದ ಮೇರಿ ಬಟ್ಲರಳ ಪರವಾಗಿ ತೀರ್ಪಾದುದು 1787ರಲ್ಲಿ, ಎಂದರೆ ಮದುವೆಯಾಗಿ ನೂರಕ್ಕೂ ತುಸು ಹೆಚ್ಚು ವರ್ಷಗಳು ಕಳೆದ ಮೇಲೆ.

ವರ್ಜೀನಿಯದಲ್ಲಿಯಾದರೋ, ಮಗುವಿಗೆ ತಾಯಿಯ ಸ್ಥಿತಿಯೇ ಪ್ರಾಪ್ತವೆಂದು 1662ರಲ್ಲಿ ಗೊತ್ತುಪಡಿಸಿದರು. ದಾಸಿಯಲ್ಲಿ ಒಡೆಯನಿಗೆ ಹುಟ್ಟಿದ ಮಗುವು ಇದರಿಂದ ತಂದೆಯ ಸ್ವತ್ತಾಯಿತು. 1691ರಲ್ಲಿ ಕರಿಯರನ್ನು ವಿವಾಹವಾದ ಬಿಳಿಯರಿಗೆ ಗಡೀಪಾರು ವಿಧಿಸಲ್ಪಟ್ಟಿತು. ಒಡೆಯನ ಸ್ವೇಚ್ಛೆಗಿಂತ ಧರ್ಮಸಮ್ಮತವಾದ ದಾಂಪತ್ಯವೇ ಅಧಿಕ ದಂಡನೀಯವೆನಿಸಿತು.

ಜನರು ಸ್ವಭಾವತಃ ಮಾಡದಿರುವುದನ್ನು ಯಾವ ಸರಕಾರವೂ ಮತ್ತೆ ಮತ್ತೆ ನಿಷೇಧಿಸಲಾರದು. ಈ ಕಾಯಿದೆಗಳ ಪರಂಪರೆಯು ಆ ವಿಮುಖತೆಯು ಸ್ವಾಭಾವಿಕವಲ್ಲ, ದಂಡಬಲದಿಂದ ನಿರ್ಮಿತವಾದುದು ಎಂಬುದನ್ನು ತೋರಿಸುತ್ತದೆ. ವರ್ಣಾಂತರ ವಿವಾಹದ ನಿಷೇಧಗಳನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಅಸಿಂಧುವೆಂದು ಸಾರಿದುದು 1967ರಲ್ಲಿ. ಆ ವ್ಯಾಜ್ಯವು ಹುಟ್ಟಿದುದು ವರ್ಜೀನಿಯದಲ್ಲಿಯೇ. ವುಡ್ಸನ್ನರು ಗತಿಸಿ ಆಗ 17 ವರ್ಷಗಳಾಗಿದ್ದುವು.