ಮುತ್ಯಾನ ಲೆಕ್ಕದ ಪುಸ್ತಕ, ಇಂಗ್ಲೆಂಡಿನ ಮೂರು ಊರು

ಭಾಗ 1: ಪುಸ್ತಕ ಸಿಕ್ತು

ಈ ಸಲ ಕೋಟೆ, ಗುಮ್ಮಟ ಬಿಟ್ಟು ನಮ್ಮ ಮನೆ ಕಥೆ ಹೇಳ್ತೀನಿ. ಆದ್ರೆ ಇದೂ ಇತಿಹಾಸಾನೇ. ಪೂರ್ತಿ ಓದ್ರಿ, ಲೈಕ್ ಒತ್ತಿ ಓಡಿ ಹೋಗಬ್ಯಾಡ್ರಿ.

2023ರ ಬೇಸಿಗೆಯಲ್ಲಿ ನಮ್ಮ ಮುತ್ಯಾ, ಆಯಿ ಇಬ್ಬರೂ ಇಂಗ್ಲೆಂಡಿಗೆ ಹೋಗಿದ್ರು. ಮುತ್ಯಾಗೆ ಆಗ 72, ಆಯಿಗೆ 66. ಕಾಕಾ ಲೆಸ್ಟರ್‌ನಲ್ಲಿ ನೌಕರಿ ಮಾಡ್ತಾನ, ಅವನ ಮನೆಯಲ್ಲೇ ಉಳಿದು ಲಿವರ್‌ಪೂಲ್, ಲಂಡನ್ ನೋಡಿ ಬಂದ್ರು. ಹೋದ ವರ್ಷ ಮುತ್ಯಾ ತೀರ್ಕೊಂಡ್ರು. ಮೊನ್ನೆ ಅವರ ಕಪಾಟು ಸ್ವಚ್ಛ ಮಾಡುವಾಗ ಫೋಟೋದಾಗಿರೋ ಈ ಪುಸ್ತಕ ಸಿಕ್ತು.

ಪ್ರವಾಸದ ಡೈರಿ ಅನ್ಕೊಂಡೆ. ತೆಗೆದು ನೋಡಿದ್ರೆ ಬರೇ ಖರ್ಚು! “ಚಹಾ 2, 5 ಪೌಂಡ್” ಅಂತ ಬರೆದು, ಪಕ್ಕದಾಗ ರೂಪಾಯಿ ಲೆಕ್ಕ ಹಾಕಿ, ಅದರ ಕೆಳಗೆ ಎರಡು ಗೆರೆ ಎಳೆದಾರ. 500ರ ಮ್ಯಾಲೆ ಆಗಿತ್ತಲ್ಲ, ಅದಕ್ಕ. ಏನು ನೋಡಿದ್ರು, ಏನನ್ನಿಸ್ತು ಅಂತ ಒಂದು ಸಾಲೂ ಇಲ್ಲ.

ನಾನು ಓದ್ತಿರೋದು ಬಿಕಾಂ. ಲೆಕ್ಕ ಬರೆದವರು ಇಲ್ಲಾಂದ್ರೆ ವೋಚರ್ ಹುಡುಕಬೇಕು ಅಂತ ನಮಗ ಕಲಿಸ್ತಾರ. ನನ್ನ ವೋಚರ್ ಅಂದ್ರೆ ಆಯಿ. ಒಂದೊಂದೇ ಸಾಲು ಓದಿ ಕೇಳ್ತಾ ಹೋದೆ.

ಭಾಗ 2: ಲೆಸ್ಟರ್

ಪುಸ್ತಕದ ಮೊದಲ ಸಾಲು: “ಕಲಬುರಗಿ–ಮುಂಬೈ ರೈಲು, 2 ಟಿಕೆಟ್.”

ನೀವೂ ನಾನೂ ದಿನಾ ನೋಡೋ ಈ ರೈಲು ಮಾರ್ಗ ಹಾಕಿದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ. ಹೆಸರಿನಲ್ಲಿ ಇಂಡಿಯನ್ ಅಂತ ಇದ್ರೂ ಅದು ಲಂಡನ್ನಿನ ಕಂಪನಿ. 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ಕಡೆಯ ಮಾರ್ಗಕ್ಕೆ ಕೂಡಿತು. ಅದರ ಷೇರುದಾರರಿಗೆ ಶೇ 5ರ ಗ್ಯಾರಂಟಿ ಇತ್ತು. ಕಂಪನಿಗೆ ಅಷ್ಟು ಲಾಭ ಬರಲಿಲ್ಲ ಅಂದ್ರೆ ಕಡಿಮೆ ಬಿದ್ದ ಹಣ ಭಾರತದ ಖಜಾನೆಯಿಂದ ಹೋಗ್ತಿತ್ತು. ರಿಸ್ಕ್ ನಮ್ಮದು, ರಿಟರ್ನ್ ಅವರದು.

ಲೆಸ್ಟರ್ ಸ್ಟೇಷನ್ ಹೊರಗೆ ಒಂದು ಮೂರ್ತಿ ಅದ, ಥಾಮಸ್ ಕುಕ್ ಅನ್ನೋರದು. ಆಯಿ ಅದನ್ನ ನೋಡಿ, “ಪೆಟ್ಟಿಗಿ ಇಟ್ಕೊಂಡು ರೈಲು ತಪ್ಪಿಸ್ಕೊಂಡವರಂಗ ನಿಂತಾನ” ಅಂದಿದ್ರಂತ. ರೈಲು ತಪ್ಪಿಸ್ಕೊಂಡವನಲ್ಲ, ಊರಿಗೂರೇ ರೈಲು ಹತ್ತಿಸಿದವನು. 1841ರ ಜುಲೈ 5ರಂದು ಕುಡಿತದ ವಿರುದ್ಧ ನಡೆದ ಒಂದು ಸಭೆಗೆ ಸುಮಾರು 500 ಜನರನ್ನ ಲೆಸ್ಟರ್‌ನಿಂದ ಲಫ್‌ಬರೋಗೆ ಕರ್ಕೊಂಡು ಹೋದ. ತಲೆಗೆ ಒಂದು ಶಿಲ್ಲಿಂಗ್. ನಮ್ಮ ಲೆಕ್ಕದಲ್ಲಿ ಕಲಬುರಗಿಯಿಂದ ಕಮಲಾಪುರಕ್ಕೆ ಹೋಗೋ ದಾರಿಯ ಸುಮಾರು ಅರ್ಧ, ಅಷ್ಟೇ. ರೈಲಿನವರ ಜೊತೆ ಮೊದಲೇ ಮಾತಾಡಿ, ಕಡಿಮೆ ದರದಲ್ಲಿ ಗುಂಪು ಕಟ್ಟಿ ಕರ್ಕೊಂಡು ಹೋಗೋ ಈ ದಂಧೆನೇ ಮುಂದೆ ಪ್ಯಾಕೇಜ್ ಟೂರ್ ಆಯ್ತು. ಅದಕ್ಕೂ ಮೊದಲು ನೋಡೋದಕ್ಕಂತಲೇ ದೂರದೂರಿಗೆ ಹೋಗೋದು ಹೆಚ್ಚಾಗಿ ಶ್ರೀಮಂತರ ಕೆಲಸ ಆಗಿತ್ತು.

1841 ಇಸವಿ ನೆನಪಿಟ್ಕೋರಿ. ಮುಂದಿನ ಭಾಗದಾಗ ಬೇಕಾಗ್ತದ.

ಭಾಗ 3: ಲಿವರ್‌ಪೂಲ್

ಲಿವರ್‌ಪೂಲ್ ಪುಟದಲ್ಲಿ ಮೂರು ಸಾಲು: ಬಸ್, ಊಟ, “ಮ್ಯೂಸಿಯಂ – 0”.

ಆ ಸೊನ್ನೆ ಯಾವ ಮ್ಯೂಸಿಯಂ ಅಂತ ಕೇಳಿದೆ. ಆಲ್ಬರ್ಟ್ ಡಾಕ್ ಹತ್ರ ಇರೋ ಗುಲಾಮಗಿರಿಯ ಮ್ಯೂಸಿಯಂ ಅಂತ. ಆಗ ಪ್ರವೇಶ ಪುಕ್ಕಟೆ ಇತ್ತು. ಮನುಷ್ಯರನ್ನ ಮಾರಿ ಬೆಳೆದ ಬಂದರು ಅದು. ಆಯಿ ಬೇಡಿ, ಸಂಕೋಲೆ ನೋಡಿ ಹೊರಗೆ ಬಂದು ಕುಂತುಬಿಟ್ರಂತ. “ನಿಮ್ಮ ಮುತ್ಯಾ ಮಾತ್ರ ಎರಡು ತಾಸು ಒಳಗೇ ಇದ್ರು. ಬಂದ ಮ್ಯಾಲೂ ಮಾತಾಡ್ಲಿಲ್ಲ.”

ಬ್ರಿಟನ್ ಗುಲಾಮರ ವ್ಯಾಪಾರವನ್ನ ಕಾನೂನಿನಿಂದ ನಿಲ್ಲಿಸಿದ್ದು 1807ರಲ್ಲಿ. ಮರುವರ್ಷ, 1808ರಲ್ಲಿ, ಅದೇ ಲಿವರ್‌ಪೂಲ್‌ನಲ್ಲಿ ಒಬ್ಬ ಹುಟ್ಟಿದ: ಫಿಲಿಪ್ ಮೆಡೋಸ್ ಟೇಲರ್. ಸುರಪುರ ಕಡೆಯವರಿಗೆ ಈ ಹೆಸರು ಗೊತ್ತಿರ್ತದ, ಅಲ್ಲಿನ ಟೇಲರ್ ಮಂಜಿಲ್ ಇವನದೇ. 15ನೇ ವಯಸ್ಸಿಗೆ ಬಾಂಬೆಯ ಒಬ್ಬ ವ್ಯಾಪಾರಿಯ ಹತ್ರ ಮುಂದೆ ಪಾಲುದಾರ ಆಗೋ ಆಸೆಯಿಂದ ಹಡಗು ಹತ್ತಿದ. ಬಂದು ನೋಡಿದ್ರೆ ಆ ವ್ಯಾಪಾರ ಮುಳುಗೋ ಹಂತದಲ್ಲಿತ್ತು. ಆಮೇಲೆ ಹೈದರಾಬಾದ್ ನಿಜಾಮರ ಸೈನ್ಯ ಸೇರಿದ. 1841ರಲ್ಲಿ ಸುರಪುರಕ್ಕೆ ಬಂದ. ಕುಕ್ ಮೊದಲ ಟೂರ್ ಮಾಡಿದ ಅದೇ ವರ್ಷ!

ಸುರಪುರದ ಬಾಲಕ ದೊರೆ ವೆಂಕಟಪ್ಪ ನಾಯಕ ಅವನನ್ನ ‘ಅಪ್ಪಾ’ ಅಂತಿದ್ದ. ಅದೇ ದೊರೆ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೆರೆಸಿಕ್ಕು, ಗುಂಡು ತಗುಲಿ ತೀರಿಕೊಂಡ. ಅವರಿಬ್ಬರ ನಡುವಿನ ಮಾತು ಇವತ್ತು ನಮಗೆ ಗೊತ್ತಿರೋದು ಹೆಚ್ಚಾಗಿ ಟೇಲರ್ ಬರೆದ ಆತ್ಮಕಥೆಯಿಂದ. ಟೇಲರ್ 1876ರಲ್ಲಿ ತೀರಿಕೊಂಡ, ಪುಸ್ತಕ 1877ರಲ್ಲಿ ಬಂತು. ದೊರೆ ತನ್ನ ಕಥೆ ಬರೆದು ಹೋಗಲಿಲ್ಲ.

ಭಾಗ 4: ಲಂಡನ್

ಇಲ್ಲೂ ಒಂದು ಸೊನ್ನೆ ಅದ: “ಬಸವಣ್ಣ – 0”.

ಥೇಮ್ಸ್ ನದಿಯ ದಂಡೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್. ಆಚೆ ದಂಡೆಯಲ್ಲಿ ಬ್ರಿಟನ್ನಿನ ಪಾರ್ಲಿಮೆಂಟ್, ಈಚೆ ನಮ್ಮ ಬಸವಣ್ಣ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ರು. ಮೂರ್ತಿ ನಿಲ್ಲಿಸೋಕೆ ಓಡಾಡಿದವರು ಡಾ. ನೀರಜ್ ಪಾಟೀಲ, 2010-11ರಲ್ಲಿ ಲಂಡನ್ನಿನ ಲ್ಯಾಂಬೆತ್ ಭಾಗದ ಮೇಯರ್ ಆಗಿದ್ದವರು. ಮೂಲ ಊರು? ಕಮಲಾಪುರ. ಹೌದು, ಕೆಂಪು ಬಾಳೆಹಣ್ಣಿನ ಅದೇ ಕಮಲಾಪುರ.

ನಮ್ಮ ಆಯಿ ತವರೂ ಕಮಲಾಪುರಾನೇ! ಆ ರಸ್ತೆ ಹಿಡಿದು ಮುಂದೆ ಹೋದ್ರೆ ಹುಮನಾಬಾದ್, ಅಲ್ಲಿಂದ ಬಸವಕಲ್ಯಾಣ. 12ನೇ ಶತಮಾನದಲ್ಲಿ ಬಸವಣ್ಣ ಬಿಜ್ಜಳನ ಮಂತ್ರಿಯಾಗಿದ್ದ ಕಲ್ಯಾಣ ಅದೇ. ಹೆಣ್ಣು, ಗಂಡು, ಚಮ್ಮಾರ, ಅಂಬಿಗ ಅನ್ನದೆ ಎಲ್ಲರೂ ಕೂತು ಮಾತಾಡಿದ ಅನುಭವ ಮಂಟಪದ ಊರು.

“ಚಪ್ಪಲಿ ಬಿಟ್ಟು ಶರಣು ಅಂದೆ. ಓಡ್ಕೋತ ಹೋಗೋ ಬಿಳಿ ಹುಡುಗಿ ಒಬ್ಬಾಕಿ ನಿಂತು, ಇವರು ಯಾರು ಅಂತ ಕೇಳಿದ್ಲು. ನಿಮ್ಮ ಕಾಕಾ ಇಂಗ್ಲಿಷಿನಾಗ ಹೇಳ್ಲಿಕ್ಕೆ ಹೋದ. ನಿಮ್ಮ ಮುತ್ಯಾ ತಡಿ, ನಾ ಹೇಳ್ತೀನಿ ಅಂತ ತಮಗ ಬಂದಷ್ಟು ಇಂಗ್ಲಿಷಿನಾಗ ತಾವೇ ಹೇಳಿದ್ರು. ಹತ್ತು ನಿಮಿಷ! ಮೂರು ವಾರದಾಗ ಅಷ್ಟು ಮಾತಾಡಿದ್ದು ಅಲ್ಲೊಂದೇ ಕಡೆ.”

ಏನು ಹೇಳಿದ್ರು ಆಯಿ?

“ನನಗ ಇಂಗ್ಲಿಷ್ ಎಲ್ಲಿ ತಿಳೀತದೋ ಯಪ್ಪಾ.”

ಕಾಕಾಗೆ ಫೋನ್ ಮಾಡಿ ಕೇಳಿದೆ. ಅವನು ಆಗ ಫೋಟೋ ತೆಗಿಯೋದ್ರಾಗ ಇದ್ದ, ಅವನಿಗೂ ನೆನಪಿಲ್ಲ. ಕೊನೆಯ ಫೋಟೋ ಅದೇ. ಮುತ್ಯಾ ಕೈ ಎತ್ತಿ ಏನೋ ಹೇಳ್ಲಿಕತ್ತಾರ, ಆ ಹುಡುಗಿ ಕೇಳ್ಲಿಕತ್ತಾಳ. (ಅವಳ ಮುಖ ಮಸುಕು ಮಾಡೀನಿ.)

ಭಾಗ 5: ನಿಮ್ಮ ಸರದಿ

ಕನ್ನಡದಲ್ಲಿ ಇಂಗ್ಲೆಂಡ್ ಪ್ರವಾಸದ ಪುಸ್ತಕ ಇಲ್ಲ ಅಂತಲ್ಲ. ಆಕ್ಸ್‌ಫರ್ಡ್‌ಗೆ ಓದೋಕೆ ಹೋಗಿದ್ದ ವಿ.ಕೃ. ಗೋಕಾಕರ ‘ಸಮುದ್ರದಾಚೆಯಿಂದ’ ಅದ. ಆದ್ರೆ ಅವರು ಸಾಹಿತಿಗಳು. ಲಿವರ್‌ಪೂಲ್‌ನಿಂದ ಬಂದ ಹುಡುಗ ನಮ್ಮ ಸೀಮೆಯನ್ನ ನೋಡಿ ಬರೆದಿಟ್ಟ. ನಮ್ಮ ಸೀಮೆಯ ಮುದುಕ-ಮುದುಕಿ ಅವನ ಊರು ನೋಡಿ ಬಂದದ್ದು ಎಲ್ಲೂ ಬರೆದಿಲ್ಲ. ಅವರು ನಮ್ಮ ಬಗ್ಗೆ ಬರೆದದ್ದು ಇತಿಹಾಸ ಆದ್ರೆ, ನಮ್ಮವರು ಅವರನ್ನ ನೋಡಿದ್ದೂ ಇತಿಹಾಸಾನೇ. ಬರೆದಿಟ್ರೆ ಮಾತ್ರ.

ಮುತ್ಯಾ ದುಡ್ಡು ಕೊಟ್ಟದ್ದಕ್ಕೆಲ್ಲ ಲೆಕ್ಕ ಅದ. ಎರಡು ತಾಸು ಸುಮ್ಮನಾದದ್ದಕ್ಕೆ, ಹತ್ತು ನಿಮಿಷ ಮಾತಾಡಿದ್ದಕ್ಕೆ ಬರೇ ಸೊನ್ನೆ. ಅವರು ಇದ್ದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: “ಮುತ್ಯಾ, ನನಗ ಏನ್ ತಂದ್ರಿ?”

ಈಗ ಆಯಿ ಹೇಳಿದ್ದನ್ನೆಲ್ಲ ಅದೇ ಪುಸ್ತಕದ ಖಾಲಿ ಪುಟಗಳಲ್ಲಿ ಬರೀಲಿಕತ್ತೀನಿ. ನಿಮ್ಮ ಮನೆಯಾಗೂ ಯಾರಾದ್ರೂ ದೂರ ಹೋಗಿ ಬಂದಿರ್ತಾರ. ಲಂಡನ್ನೇ ಆಗಬೇಕಂತಿಲ್ಲ, ಮುಂಬೈಗೆ ಗುಳೆ ಹೋಗಿದ್ರೂ ಸರಿ. ಇವತ್ತು ರಾತ್ರಿ ಊಟ ಆದ ಮ್ಯಾಲೆ ಅವರ ಹತ್ರ ಕೂತು ಒಂದು ಪ್ರಶ್ನೆ ಕೇಳ್ರಿ. ಏನು ಹೇಳಿದ್ರು ಅಂತ ಕಾಮೆಂಟ್‌ನಾಗ ಬರೀರಿ. ಎಲ್ಲಾನೂ ಓದ್ತೀನಿ.

ಶರಣು ಶರಣಾರ್ಥಿ.