ಐಸ್‌ಲ್ಯಾಂಡ್ ಮಹಿಳೆಯರ ರಜಾದಿನ (1975)

ಅಂತರರಾಷ್ಟ್ರೀಯ ಮಹಿಳಾ ವರ್ಷವಾದ 1975ರ ಅಕ್ಟೋಬರ್ 24ರಂದು ಐಸ್‌ಲ್ಯಾಂಡಿನ ಸುಮಾರು ಶೇ. 90ರಷ್ಟು ಮಹಿಳೆಯರು ಸಂಬಳದ ದುಡಿಮೆಯ ಜೊತೆಗೆ ಅಡುಗೆ, ಮಕ್ಕಳ ಆರೈಕೆಯನ್ನೂ ಬಿಟ್ಟು ಬೀದಿಗಿಳಿದ ಚಳವಳಿ. ಮುಷ್ಕರ ಹೂಡಿದರೆ ಕೆಲಸ ಹೋದೀತೆಂಬ ಅಂಜಿಕೆಯಿತ್ತು. ಹಾಗಾಗಿ ಸಂಘಟಕರು ಮುಷ್ಕರದ ಬದಲು ಒಂದು ದಿನದ ರಜೆಗೆ ಕರೆಕೊಟ್ಟರು. ಈ ಜಾಣ ನಡೆಯಿಂದಲೇ ಭಿನ್ನ ರಾಜಕೀಯ ನಿಲುವಿನವರೂ ಒಂದಾದರು. ಮೀನು ಸಂಸ್ಕರಣೆಯ ಕಾರ್ಖಾನೆಗಳು, ಶಾಲೆಗಳು ಮುಚ್ಚಿದವು. ತಂದೆಯರು ಮಕ್ಕಳನ್ನು ಕೆಲಸದ ಜಾಗಕ್ಕೇ ಕರೆತಂದರು. ಸುಲಭವಾಗಿ ಬೇಯಿಸಬಹುದಾದ ಸಾಸೇಜ್ ಅಂಗಡಿಗಳಲ್ಲಿ ಖಾಲಿಯಾಯಿತು. ಸುಮಾರು 2.2 ಲಕ್ಷ ಜನಸಂಖ್ಯೆಯ ಆ ಪುಟ್ಟ ದೇಶದ ರಾಜಧಾನಿ ರೇಕ್ಯವಿಕ್‌ನಲ್ಲಿ 25,000ದಷ್ಟು ಮಂದಿ ಸೇರಿದ್ದು ಅಸಾಧಾರಣ ಸಂಗತಿಯೇ ಸರಿ. ಮರುವರ್ಷ, ಅಂದರೆ 1976ರಲ್ಲಿ, ಲಿಂಗ ಸಮಾನತೆಯ ಕಾಯ್ದೆ ಬಂತು. 1980ರಲ್ಲಿ ವಿಗ್ದಿಸ್ ಫಿನ್‌ಬೊಗದೊತ್ತಿರ್ ಅಧ್ಯಕ್ಷೆಯಾಗಿ ಆಯ್ಕೆಯಾದರು. ವೇತನ ತಾರತಮ್ಯ ಮಾತ್ರ ಪೂರ್ತಿ ಅಳಿಯಲಿಲ್ಲ. 2023ರ ಅದೇ ದಿನ ಮಹಿಳೆಯರು ಮತ್ತೆ ಕೆಲಸ ನಿಲ್ಲಿಸಿದಾಗ ಪ್ರಧಾನಿ ಕತ್ರೀನ್ ಯಾಕೊಬ್ಸ್‌ದೊತ್ತಿರ್ ಕೂಡ ಅವರ ಜೊತೆಗಿದ್ದರು.